ಎಂಬತ್ತರಲ್ಲಿ ನಡುಗುವ ಸ್ಟಿಯರಿಂಗ್

ಐವತ್ತನೆಯ ವಯಸ್ಸಿಗೆ ನಾನು ಕಾರು ಕಲಿತೆ. ಗಂಡನ ಎರಡೂ ಕಣ್ಣುಗಳ ನರ ಸೋತು, ಇನ್ನು ಡ್ರೈವಿಂಗ್ ಬೇಡವೆಂದು ಡಾಕ್ಟರು ಹೇಳಿದ್ದರು. ಇಪ್ಪತ್ತೈದು ವರ್ಷ ಅವರು ಓಡಿಸಿದ್ದ ಕಾರು ಹೀಗೆ ನನ್ನ ಪಾಲಿಗೆ ಬಂತು. ಅವರು ಪಕ್ಕದ ಸೀಟಿಗೆ ಬಂದರು.

ಆಲಂಕಾರಿನ ನಮ್ಮ ಮನೆಯಿಂದ ನಾನು ಗಣಿತ ಕಲಿಸುವ ಹೈಸ್ಕೂಲಿಗೆ ಹೋಗುವ ದಾರಿಯಲ್ಲಿ ಐವತ್ತು ಕಿಲೋಮೀಟರ್ ವೇಗದ ಮೇಲೆ ಹೋಗುವ ಅವಕಾಶವೇ ಇಲ್ಲ. ಆದರೆ ತಿಂಗಳಿಗೊಮ್ಮೆ ಅವರ ಕಣ್ಣು ತೋರಿಸಲು ಮಂಗಳೂರಿಗೆ ಹೋಗಬೇಕು. ಕಳೆದ ಮಳೆಗಾಲದಲ್ಲಿ ಹಾಗೆ ಹೋಗುವಾಗ, ಉಪ್ಪಿನಂಗಡಿ ದಾಟಿ ಹೆದ್ದಾರಿಯಲ್ಲಿ ವೇಗ ಎಂಬತ್ತರ ಹತ್ತಿರ ಬಂದಾಗ ಸ್ಟಿಯರಿಂಗ್ ನಡುಗತೊಡಗಿತು. ಎಪ್ಪತ್ತಕ್ಕೆ ಇಳಿಸಿದೆ, ನಿಂತಿತು. ಏರಿಸಿದೆ, ಮತ್ತೆ ನಡುಗಿತು.

"ಸ್ಟಿಯರಿಂಗ್ ನಡುಗ್ತಾ ಉಂಟು," ಎಂದೆ.

"ಕಾರಿಗೆ ಎಂತ ಆಗ್ಲಿಲ್ಲ. ನಿನ್ನ ಕೈ ನಡುಗುದು," ಎಂದರು ಗಂಡ. "ಅಷ್ಟು ಬಿಗಿ ಹಿಡಿಬೇಡ."

ಮುಂದಿನ ತಿಂಗಳೂ ಅದೇ ಮಾತು. ನಾನು ಮನೆಯಲ್ಲಿ ಚಹಾದ ಲೋಟ ಹಿಡಿದು ನೋಡತೊಡಗಿದೆ. ಬೋರ್ಡಿನ ಮೇಲೆ ಎಳೆದ ಗೆರೆ ನೇರವಿದೆಯೇ ಎಂದು ಹಿಂದೆ ಸರಿದು ನೋಡಿದೆ. ಕೊನೆಗೆ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಪುತ್ತೂರಿನಲ್ಲಿ ಡಾಕ್ಟರಲ್ಲಿಗೆ ಹೋದೆ. ಅವರು ನನ್ನ ಎರಡೂ ಕೈ ಚಾಚಿಸಿ, ಮೇಲೊಂದು ಹಾಳೆ ಇಟ್ಟು ಸ್ವಲ್ಪ ಹೊತ್ತು ಕಾದರು. ಹಾಳೆ ಅಲುಗಲಿಲ್ಲ.

"ಯಾವಾಗ ನಡುಗುದು?"

"ಎಂಬತ್ತರಲ್ಲಿ."

ಡಾಕ್ಟರು ಹಾಳೆ ತೆಗೆದು ಮೇಜಿನ ಮೇಲಿಟ್ಟರು. "ನೀವು ಸರಿ ಇದ್ದೀರಿ, ಟೀಚರ್. ಕಾರು ತೋರಿಸಿ."

ಆ ತಿಂಗಳು ಹೆದ್ದಾರಿ ಖಾಲಿಯಿದ್ದ ಕಡೆ, "ಸ್ಟಿಯರಿಂಗಿಗೆ ಒಂದು ಕೈ ಇಡಿ," ಎಂದೆ. ಗಂಡ ಪಕ್ಕದಿಂದ ಕೈ ಚಾಚಿ ಇಟ್ಟರು. ಎಪ್ಪತ್ತೈದು, ಎಂಬತ್ತು. ಅವರ ಕೈಯೂ ನಡುಗಿತು.

"ಹೌದು ಮಾರಾಯ್ತಿ," ಎಂದರು. ಬಂಟ್ವಾಳ ತಲುಪುವಷ್ಟರಲ್ಲಿ ಅದು ಅವರೇ ಪತ್ತೆ ಹಚ್ಚಿದ ದೋಷವಾಗಿತ್ತು.

ಪುತ್ತೂರಿನ ಟಯರ್ ಅಂಗಡಿಯಲ್ಲಿ ಅವರು ವಿಷಯವನ್ನು ಮೊದಲಿನಿಂದ ವಿವರಿಸಿದರು. ಅಂಗಡಿಯ ಯಜಮಾನರು ಪೂರ್ತಿ ಕೇಳಿ, ನನ್ನ ಕಡೆ ತಿರುಗಿದರು.

"ಓಡಿಸುದು ನೀವಲ್ವಾ? ಬ್ರೇಕ್ ಹಿಡಿವಾಗ ನಡುಕ ಜಾಸ್ತಿ ಆಗ್ತದಾ?"

"ಇಲ್ಲ."

"ಸೀಟು ನಡುಗ್ತದಾ?"

"ಇಲ್ಲ. ಸ್ಟಿಯರಿಂಗ್ ಮಾತ್ರ."

"ಹಾಗಾದ್ರೆ ಎದುರಿನ ಚಕ್ರ," ಎಂದು, ಎರಡನ್ನೂ ಬಿಚ್ಚಿ ಒಂದೊಂದಾಗಿ ಮೆಷಿನ್ನಿಗೆ ಹಾಕಿ ತಿರುಗಿಸಿದರು. ಚಕ್ರದ ತೂಕ ಸುತ್ತಲೂ ಸಮವಾಗಲೆಂದು, ಮೆಷಿನ್ ತೋರಿಸಿದ ಜಾಗದಲ್ಲಿ, ರಿಮ್ಮಿನ ಅಂಚಿಗೆ ಸಣ್ಣ ಭಾರದ ತುಂಡುಗಳನ್ನು ಹೊಡೆದರು. ಮುಂದಿನ ಸಲ ಮಂಗಳೂರಿಗೆ ಹೋಗಿ ಬಂದರೂ ಸ್ಟಿಯರಿಂಗ್ ಸುಮ್ಮನಿತ್ತು.

ಇದರಿಂದ ಉತ್ಸಾಹಗೊಂಡ ಗಂಡ ಒಂದು ಭಾನುವಾರ ಪೈಪು ಹಿಡಿದು ಕಾರು ತೊಳೆದರು. ಕಣ್ಣು ಸರಿ ಕಾಣದ್ದರಿಂದ ಎಲ್ಲ ಕಡೆ ಕೈ ಹಾಕಿ ತೊಳೆದರು, ಚಕ್ರದ ಒಳಬದಿಯನ್ನೂ ಬಿಡಲಿಲ್ಲ. ಆಮೇಲೆ ಹೆದ್ದಾರಿಗೆ ಹೋದಾಗ ನಡುಕ ಮೊದಲಿಗಿಂತ ಜೋರಾಗಿತ್ತು.

ಮತ್ತೆ ಅಂಗಡಿಗೆ ಹೋದೆವು. ಯಜಮಾನರು ಚಕ್ರ ಬಿಚ್ಚಿ, ಒಳಗೆ ಟಾರ್ಚ್ ಹಾಕಿ ನೋಡಿ, ಕೇಳಿದರು: "ಕಾರು ತೊಳೆದ್ರಾ?"

"ನಾನೇ ತೊಳೆದದ್ದು," ಎಂದರು ಗಂಡ, ಸ್ವಲ್ಪ ಹೆಮ್ಮೆಯಿಂದ.

"ತಪ್ಪು ನನ್ನದೇ ಮಾರಾಯ್ರೆ. ಮಳೆಗಾಲದ ಮಣ್ಣು ಒಳಗೆ ಒಂದು ಬದಿಗೆ ಹಿಡ್ಕೊಂಡು ಒಣಗಿತ್ತು. ಚಕ್ರ ನಡುಗಿಸಿದ್ದು ಅದೇ. ನಾನು ಅದನ್ನು ತೆಗಿಲಿಲ್ಲ, ಅದರ ಲೆಕ್ಕಕ್ಕೇ ಭಾರ ಹೊಡ್ದೆ. ನೀವು ಮಣ್ಣು ತೆಗೆದ್ರಿ, ನನ್ನ ಭಾರ ಮಾತ್ರ ಉಳೀತು."

ಸಮೀಕರಣದ ಒಂದು ಬದಿಯಿಂದ ಮಾತ್ರ ಸಂಖ್ಯೆ ಕಳೆದಂತೆ. ಮಕ್ಕಳು ವರ್ಷವೂ ಮಾಡುವ ತಪ್ಪು.

ಯಜಮಾನರು ಹಳೆಯ ಭಾರವನ್ನೆಲ್ಲ ಕಿತ್ತು ಹೊಸದಾಗಿ ಕೆಲಸ ಮಾಡುವಾಗ ನಾವಿಬ್ಬರೂ ಬೆಂಚಿನ ಮೇಲೆ ಕೂತಿದ್ದೆವು. ಗಂಡ, "ನಿನ್ನ ಕೈ ಅಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು," ಎಂದರು.

"ಮತ್ತೆ ಯಾಕೆ ಹಾಗೆ ಹೇಳಿದ್ದು?"

"ಕಾರು ನಿನ್ನ ಕೈಗೆ ಹೋಯ್ತಲ್ಲ. ಎಂತಾದ್ರೂ ಹೇಳ್ಬೇಕು ಅಂತ ಆಯ್ತು."

ಡಾಕ್ಟರಲ್ಲಿಗೆ ಹೋಗಿದ್ದನ್ನು ನಾನು ಅವರಿಗೆ ಹೇಳಿರಲಿಲ್ಲ. ಆಗ ಹೇಳಿದೆ. ಅವರು ನನ್ನ ಕೈಯನ್ನು ತಮ್ಮ ಮುಖದ ಹತ್ತಿರ ತಂದು, ಅದರಲ್ಲಿ ಏನೋ ಬರೆದಿದೆ ಎಂಬಂತೆ ನೋಡಿ, ಮತ್ತೆ ಬೆಂಚಿನ ಮೇಲಿಟ್ಟರು.

ಮುಂದಿನ ಸಲ ಹೆದ್ದಾರಿಯಲ್ಲಿ ಕೇಳಿದರು: "ಈಗ ಎಷ್ಟು?"

"ಎಂಬತ್ತೈದು."

"ನಡುಗ್ತದಾ?"

"ಇಲ್ಲ."

"ಹಾಗಾದ್ರೆ ಸ್ವಲ್ಪ ನಿಧಾನ ಹೋಗು. ಅಪಾಯಿಂಟ್‌ಮೆಂಟ್ ಹನ್ನೊಂದಕ್ಕಲ್ವಾ?"

ಅರವತ್ತರಲ್ಲಿ ಹೋದೆವು. ಆದರೂ ಅರ್ಧ ಗಂಟೆ ಮೊದಲೇ ತಲುಪಿದೆವು.