ಬಲಗಡೆಯ ಗುಂಡಿಗಳು

ನಮ್ಮಣ್ಣ ನಡೆಸುತ್ತಿದ್ದ, ನಾನು ಹೊಡೆಯುತ್ತಿದ್ದೆ. ವಿಡಿಯೊ ಗೇಮಿನೊಳಗಿನ ಒಬ್ಬ ಮನುಷ್ಯನನ್ನು ನಾವಿಬ್ಬರು ಹಂಚಿಕೊಂಡಿದ್ದೆವು. ಹೀಗೆ ಹೇಳಿದರೆ ಈಗಿನವರು ನಗುತ್ತಾರೆ. ನಗಲಿ ಬಿಡಿ.

ತೊಂಬತ್ತರ ದಶಕದ ಕೊನೆಯ ಮಾತು. ಬೈಲಹೊಂಗಲದ ಬಜಾರಿನಲ್ಲಿ ಟಿವಿ ರಿಪೇರಿ ಮಾಡುವ ಚಾಚಾ ಒಬ್ಬರಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೆಯ ಟಿವಿಯೊಂದಕ್ಕೆ ವಿಡಿಯೊ ಗೇಮ್ ಜೋಡಿಸಿಟ್ಟಿದ್ದರು. ಕೈಯಲ್ಲಿ ಹಿಡಿದು ಆಡುವ ಡಬ್ಬಿಗೆ ನಾವೆಲ್ಲ ರಿಮೋಟ್ ಎನ್ನುತ್ತಿದ್ದೆವು. ಅದರ ಎಡಗಡೆಯ ಗುಂಡಿ ಮನುಷ್ಯನನ್ನು ನಡೆಸಲಿಕ್ಕೆ. ಬಲಗಡೆ ಎರಡು ಕೆಂಪು ಗುಂಡಿ: ಒಂದು ಗುದ್ದಲಿಕ್ಕೆ, ಒಂದು ಜಿಗಿಯಲಿಕ್ಕೆ. ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು, ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸಕ್ಕಿದ್ದ. ಪಾಳಿ ಮುಗಿಸಿ ಬಂದು ತಲೆಯಲ್ಲಿ ಹತ್ತಿಯ ಎಳೆ ಹೊತ್ತುಕೊಂಡೇ ಆಡಲು ಕೂತರೆ ಆ ಕೋಣೆಯಲ್ಲಿ ಅವನನ್ನು ಸೋಲಿಸುವ ಗಂಡಸು ಇರಲಿಲ್ಲ.

ಒಂದು ದಿನ ಮಷೀನಿನಲ್ಲಿ ಸಿಕ್ಕಿಬಿದ್ದ ಹತ್ತಿ ಬಿಡಿಸಲು ಹೋಗಿ ಅವನ ಬಲಗೈಯ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಹೋದವು. ಗಾಯ ಮಾಯಿತು. ಆದರೆ ಆ ಕೈ ಪ್ಯಾಂಟಿನ ಜೇಬು ಬಿಟ್ಟು ಹೊರಗೆ ಬರಲಿಲ್ಲ. ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದೆಂದು ಗೋಡೆ ಕಡೆ ಮುಖ ಮಾಡಿ ಉಣ್ಣುತ್ತಿದ್ದ. ಅವ್ವ ರೊಟ್ಟಿ ಮುರಿದು ತಾಟಿಗೆ ಹಾಕಿ, ಒಲೆಯ ಮುಂದೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು. ನನಗೆ ಅವನ ಬೆನ್ನು ನೋಡಿ ನೋಡಿ ಸಾಕಾಗಿತ್ತು.

ನನ್ನನ್ನು ಮನೆಗೆ ಕರೆದೊಯ್ಯಲು ಅವನು ಒಂದು ಸಂಜೆ ಚಾಚಾನ ಅಂಗಡಿಗೆ ಬಂದ. ನಾನು ಆಡುತ್ತಿದ್ದೆ, ಆಡುವುದೇನು, ಹೊಡೆಸಿಕೊಳ್ಳುತ್ತಿದ್ದೆ. ಬೀದಿಯ ತುಂಬ ಗೂಂಡಾಗಳು. ಡ್ರಮ್ಮು ಉರುಳಿಸುವವನೊಬ್ಬ, ಸೈಕಲ್ ಚೈನು ತಿರುಗಿಸುವವನೊಬ್ಬ. ನನ್ನ ಮನುಷ್ಯ ಮೂಲೆಗೆ ಸಿಕ್ಕು ಒದೆ ತಿನ್ನುತ್ತಿದ್ದ. ಅಣ್ಣ ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ತಡೆಯಲಾರದೆ ಸ್ಟೂಲಿನ ಅರ್ಧಕ್ಕೆ ಬಂದು ಕೂತು, ರಿಮೋಟಿನ ಎಡಗಡೆ ತನ್ನ ಎಡ ಹೆಬ್ಬೆರಳು ಇಟ್ಟ.

"ಅತ್ತಾಗ ಸರಿ. ನೀ ಬರೇ ಹೊಡಿ. ಎಲ್ಲಿ ಹೋಗಬೇಕನ್ನೂದು ನನಗ ಬಿಡು," ಅಂದ.

ಮೊದಲು ಎಲ್ಲ ಗೊಂದಲ. ಅವನು ಮುಂದೆ ಹೋದಾಗ ನಾನು ಹೊಡೆಯುತ್ತಿರಲಿಲ್ಲ, ನಾನು ಹೊಡೆಯುವ ಹೊತ್ತಿಗೆ ಅವನು ಹಿಂದೆ ಬಂದಿರುತ್ತಿದ್ದ. ಜಿಗಿಯಬೇಕಾದ ಕಡೆ ಗುದ್ದಿ ಹಳ್ಳಕ್ಕೆ ಬಿದ್ದೆವು. ಆಗ ಅವನು ಬಲಗೈಯನ್ನು ಜೇಬಿನಿಂದ ತೆಗೆದ. ನನ್ನ ಬೆನ್ನ ಮೇಲೆ ಇಟ್ಟ. ಉಳಿದಿದ್ದ ಎರಡು ಬೆರಳಿನಲ್ಲಿ ಕಿರುಬೆರಳು ಒತ್ತಿದರೆ ಗುದ್ದು, ಉಂಗುರದ ಬೆರಳು ಒತ್ತಿದರೆ ಜಿಗಿ. ಹೇಳಿಕೊಡಲಿಲ್ಲ, ನನಗೇ ತಿಳಿಯಿತು.

ವಾರದೊಳಗೆ ನಾವು ಆ ಬೀದಿಯನ್ನು ಹಸನು ಮಾಡಿದೆವು. ಗೂಂಡಾಗಳು ಡ್ರಮ್ಮಿಗೆ ಬಡಿದು, ಡ್ರಮ್ಮು ತರಕಾರಿ ಗಾಡಿಗೆ ಬಡಿದು, ಗಾಡಿ ಅವರ ನಾಯಕನ ಮೇಲೆಯೇ ಬೀಳುವುದು. ನೋಡಲು ಮಂದಿ ನೆರೆಯತೊಡಗಿದರು. ಚಾಚಾ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು, "ಇಬ್ರೂ ಕೂಡಿ ಒಬ್ಬ ಆಗ್ಯಾರ ನೋಡ್ರಿ," ಎನ್ನುತ್ತಿದ್ದರು. ಬೀದಿ ಗೆದ್ದ ರಾತ್ರಿ ಊಟಕ್ಕೆ ಅಣ್ಣ ಗೋಡೆ ಬಿಟ್ಟು ನಮ್ಮ ಕಡೆ ತಿರುಗಿ ಕೂತ. ಅವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಮುಂದೆ ಅವನ ಮದುವೆಯಾಯಿತು. ಸವದತ್ತಿಯಲ್ಲಿ ಹಿಟ್ಟಿನ ಗಿರಣಿ ನೋಡಿಕೊಂಡು ಅಲ್ಲೇ ನೆಲೆ ನಿಂತ. ನಾನು ಬೈಲಹೊಂಗಲದಲ್ಲಿ ಕಾಲೇಜು ಸೇರಿದೆ. ಚಾಚಾ ವಿಡಿಯೊ ಗೇಮ್ ಕೋಣೆ ಮುಚ್ಚುವಾಗ ಆ ಸೆಟ್ಟನ್ನು ಅಣ್ಣನಿಗೇ ಕೊಟ್ಟರು. ಅಷ್ಟರಲ್ಲಿ ಊರಿಗೆ ಕಂಪ್ಯೂಟರ್ ಸೆಂಟರ್ ಬಂದಿತ್ತು. ಅಲ್ಲಿಯ ಆಟವೇ ಬೇರೆ. ಗುಂಡು ಬಿದ್ದವನು ಸುಮ್ಮನೆ ಮಾಯವಾಗುತ್ತಿರಲಿಲ್ಲ. ಕೈಕಾಲು ಚೆಲ್ಲಿ ಮೆಟ್ಟಿಲ ಮೇಲಿಂದ ಉರುಳಿ, ಕಟಾಂಜನದ ಸರಳಿಗೆ ಸಿಕ್ಕಿ ಜೋಲಾಡಿ, ಕೆಳಗೆ ಡಬ್ಬಿಗಳ ರಾಶಿಯ ಮೇಲೆ ಧೊಪ್ಪೆಂದು ಬೀಳುತ್ತಿದ್ದ. ಒಮ್ಮೆ ಬಿದ್ದಂತೆ ಇನ್ನೊಮ್ಮೆ ಬೀಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಣ್ಣ ನನ್ನನ್ನು ಹುಡುಕಿಕೊಂಡು ಅಲ್ಲಿಗೆ ಬಂದ. ಅಂಗಿಯ ತುಂಬ ಹಿಟ್ಟು, ಕಂಕುಳಲ್ಲಿ ಚೀಲ. ನನ್ನ ಸುತ್ತ ಕಾಲೇಜಿನ ನಾಲ್ವರು ಗೆಳೆಯರು, ಇಸ್ತ್ರಿ ಅಂಗಿಯವರು. ಪರದೆಯ ಮೇಲೆ ಉರುಳುತ್ತಿದ್ದವನನ್ನು ನೋಡಿ ಅಣ್ಣ ದೊಡ್ಡದಾಗಿ ನಕ್ಕ.

"ಲೇ, ಇವಗ ಎಲುಬ ಇಲ್ಲೇನಲೇ?"

ಗೆಳೆಯರೂ ನಕ್ಕರು. ಅವರು ನಕ್ಕದ್ದು ಆಟಕ್ಕಲ್ಲ. ಅಣ್ಣ ಅದನ್ನು ಗಮನಿಸಲಿಲ್ಲ. ಅವನ ಕಣ್ಣು ಕೀಬೋರ್ಡಿನ ಮೇಲಿತ್ತು. ನಡೆಸುವುದು ಎಡಗೈಯಿಂದ, ಹೊಡೆಯುವುದು ಬಲಗೈಯ ಮೌಸಿನಿಂದ ಎಂದು ತಿಳಿದ ಕೂಡಲೇ ಅವನ ಮುಖ ಅರಳಿತು.

"ನಮಗಂತನ ಮಾಡಿದಂಗೈತಲ್ಲೋ ಇದು," ಅಂದವನೇ ಕುರ್ಚಿ ಎಳೆದುಕೊಂಡು ಎಡಗೈ ಕೀಬೋರ್ಡಿನ ಮೇಲಿಟ್ಟ. ಬಲಗೈ ನನ್ನ ಬೆನ್ನಿಗೆ ಬಂತು.

ನಾನು ಎರಡನ್ನೂ ಸರಿಸಿದೆ. "ಬಿಡಪಾ. ಈಗ ಒಬ್ಬನ ಆಡಾಕ ಬರತೈತಿ ನನಗ."

"ಆಡು, ಆಡು," ಅಂದ. ಬಲಗೈ ಜೇಬಿಗೆ ಹೋಯಿತು. ಬಸ್ಸಿನ ಹೊತ್ತಾಯಿತೆಂದು ಎದ್ದ. ಚೀಲದಲ್ಲಿ ನನಗೆಂದು ಅವನ ಹೆಂಡತಿ, ನಮ್ಮ ವೈನಿ ಮಾಡಿ ಕೊಟ್ಟ ಶೇಂಗಾ ಹೋಳಿಗೆ ಇದ್ದವು, ಟೇಬಲ್ಲಿನ ಮೇಲಿಟ್ಟು ಹೋದ. ನಾನು ತಿರುಗಿ ನೋಡಲಿಲ್ಲ. ನನ್ನಂಥ ಹಲ್ಕಟ್ ತಮ್ಮ ಯಾರಿಗೂ ಬೇಡ.

ಮುಂದಿನ ಸಲ ಸವದತ್ತಿಗೆ ಹೋದಾಗ ಅವನು ಪ್ರೀತಿಯಿಂದಲೇ ಮಾತಾಡಿದ. ಕಾಲೇಜಿನ ಸುದ್ದಿ ಕೇಳಿದ, ಯರಗಟ್ಟಿಯ ಬಸ್ಸಿಗೆ ಬೈದ. ಊಟಕ್ಕೆ ಕೂತಾಗ ಮಾತ್ರ ತಾಟು ಎತ್ತಿಕೊಂಡು ಗೋಡೆ ಕಡೆ ತಿರುಗಿದ. ತಪ್ಪಾಯಿತು ಅಣ್ಣಾ ಎನ್ನುವ ಮಾತು ಗಂಟಲವರೆಗೆ ಬಂತು. ತುತ್ತಿನ ಜೊತೆ ನುಂಗಿದೆ. ಎಷ್ಟು ಸಲ ಹೋದೆನೋ, ಅಷ್ಟೂ ಸಲ ಹೀಗೇ ಆಯಿತು. ಮುಂದಿನ ಸಲ ಹೇಳಿದರಾಯಿತು ಅಂದುಕೊಂಡೇ ಬಸ್ಸು ಹತ್ತುತ್ತಿದ್ದೆ.

ಅವನಿಗೆ ಕಾಮಣಿಯಾಯಿತು, ಕಣ್ಣು ಮೈಯೆಲ್ಲ ಹಳದಿ. ಮುನವಳ್ಳಿ ಕಡೆಯ ನಾಟಿ ಔಷಧ ಕೊಡಿಸಿದರು, ಆಮೇಲೆ ದವಾಖಾನೆಗೆ ಒಯ್ದರು. ಹದಿನೈದು ದಿನದಲ್ಲಿ ಹೋದ. ನಾನು ಅಲ್ಲಿಗೆ ಮುಟ್ಟುವ ಹೊತ್ತಿಗೆ ಅವನ ಮಾತು ನಿಂತಿತ್ತು.

ಅವನ ತಿಥಿಯ ಕಾರ್ಯ ಮುಗಿದ ಮರುದಿನ ವೈನಿ ಒಳಗಿನಿಂದ ಚಾಚಾನ ಸೆಟ್ಟು ತಂದು ನನ್ನ ಮುಂದಿಟ್ಟರು.

"ಗಿರಣಿ ಬಂದ್ ಮಾಡಿ ಬಂದು ದಿನಾ ಮಧ್ಯಾಹ್ನ ಇದನ್ನ ಹಚ್ಚತಿದ್ರು, ತಮ್ಮಾ. ರಿಮೋಟ್ ತೊಡಿ ಮ್ಯಾಲಿಟ್ಟು ಒಂದ ಕೈಲೆ. ಮೊದಲ ನಡಸೂದು, ಆಮ್ಯಾಲ ಕೈ ಇತ್ತಾಗ ತಂದು ಹೊಡಿಯೂದು. ಕೈ ಬರೂದ್ರಾಗ ಆ ಗೊಂಬಿ ಸತ್ತಿರ್ತಿತ್ತು. ಮತ್ತ ಶುರು ಮಾಡತಿದ್ರು. ನೋಡಲಾರದ, ನಾ ಈ ಕಡಿ ಒತ್ತತೇನ್ರಿ ಅಂದ್ನಿ ಒಂದ್ಸಲ."

"ಏನಂದ?"

"ಬ್ಯಾಡ, ಆ ಕಡಿ ನನ್ನ ತಮ್ಮಂದೈತಿ ಅಂದ್ರು."

ವೈನಿ ಟಿವಿ ಹಚ್ಚಿ ಒಳಗೆ ಹೋದರು. ಅದೇ ಬೀದಿ, ಅದೇ ಡ್ರಮ್ಮುಗಳು. ನಾನು ಚಾಪೆಯ ಎಡಕ್ಕೆ ಜಾಗ ಬಿಟ್ಟು ಕೂತೆ, ರಿಮೋಟಿನ ಬಲಗಡೆ ಮಾತ್ರ ಹಿಡಿದೆ. ಗುಂಡಿ ಒತ್ತಿದೆ. ನಮ್ಮ ಮನುಷ್ಯ ನಿಂತಲ್ಲೇ ನಿಂತು ಬರೀ ಗಾಳಿಗೆ ಗುದ್ದತೊಡಗಿದ. ಹಿಂದಿನಿಂದ ಬಂದವರು ಅವನನ್ನು ಹೊಡೆದು ಕೆಡವಿದರು.