ಬೆಳ್ಳುಳ್ಳಿ ವಾಸನೆಗೆ ಬೆಚ್ಚಿದ ಕುತುಬುದ್ದೀನ

ಅರವತ್ಮೂರನೆಯ ಇಸವಿಯ ಬೇಸಿಗೆಯಲ್ಲಿ ಕುತುಬುದ್ದೀನ ಮುಂಬಯಿಯಿಂದ ಮುದ್ದೇಬಿಹಾಳಕ್ಕೆ ರಜೆಯ ಮೇಲೆ ಬಂದಿದ್ದ. ಬಂದ ಮರುದಿನವೇ ಹೆಂಡತಿ ರಮಜಾನಬಿ ಬಿಸಿ ರೊಟ್ಟಿ ಬಡಿದಿಟ್ಟು, ಅವನಿಗೆ ಇಷ್ಟವೆಂದು ಬೆಳ್ಳುಳ್ಳಿ ಖಾರ ಕುಟ್ಟಲು ಕುಳಿತಳು. ಘಾಟು ಏಳುತ್ತಲೇ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದವನು ಓಡಿ ಬಂದು, ಅವಳ ರಟ್ಟೆ ಹಿಡಿದು ಅಂಗಳಕ್ಕೆ ಎಳೆದೊಯ್ದ.

"ಉಸರು ಬಿಗಿ ಹಿಡಿ! ಒಳಗ ಹೋಗಬ್ಯಾಡ!"

ನೆರೆಮನೆಯ ಹುಚ್ಚವ್ವ ಗೋಡೆಯಾಚೆಯಿಂದ ಇಣುಕಿ, "ಮುಂಬೈ ನೀರು ಕುಡದು ಬಳ್ಳೊಳ್ಳಿಗೂ ಅಂಜಾಕತ್ತಾನಲ್ಲವಾ!" ಎಂದು ನಕ್ಕಳು. ರಮಜಾನಬಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮಧ್ಯಾಹ್ನವೆಲ್ಲ ಗಂಡನಿಗೆ ಬೆನ್ನು ಮಾಡಿ ಕುಳಿತಳು.

ಆ ಬೆನ್ನಿಗೇ ಅವನು ಹೇಳತೊಡಗಿದ. ಮುಂಬಯಿಯಲ್ಲಿ ಅವನ ಕೆಲಸ ಔಷಧದ ಕಾರಖಾನೆಯಲ್ಲಿ ಎಂದಷ್ಟೇ ಅವಳಿಗೆ ಗೊತ್ತಿತ್ತು.

"ಲಿಥಿಯಂ ಅಂತ ಒಂದು ಧಾತು ಐತಿ, ಚಾಕುವಿಲೆ ಕೊಯ್ಯುವಷ್ಟು ಮೆತ್ತಗ. ಅದರ ಜೋಡಿ ಆರ್ಸೆನಿಕ್, ಅಂದ್ರ ಪಾಷಾಣ, ಕೂಡಿಸಿ ಕಂದು ಪುಡಿ ಮಾಡ್ತಾರ. ಬ್ಯಾರೆ ಏನೂ ಬೆರೀಬಾರದು, ಅಷ್ಟು ಶುದ್ಧ ಇರಬೇಕು. ಗಾಜಿನ ನಳಗಿಯೊಳಗ ತುಂಬಿ, ಬಾಯಿ ಕರಗಿಸಿ ಮುಚ್ಚಿ, ದೊಡ್ಡ ದೊಡ್ಡ ಪ್ರಯೋಗಶಾಲೆಗೆ ಕಳಸೂದು ನನ್ನ ಕೆಲಸ. ಅದಕ್ಕ ನೀರಿನ ಪಸಿ ತಾಗಿತಂದ್ರ ವಿಷದ ಗಾಳಿ ಏಳ್ತೈತಿ. ವಾಸನಿ ಥೇಟ್ ಬಳ್ಳೊಳ್ಳಿ."

ಹೋದ ಮಳೆಗಾಲದಲ್ಲಿ ಪುಡಿ ತುಂಬುವ ಕೋಣೆಯ ಮಾಳಿಗೆ ಸೋರಿ ಪುಡಿಗೆ ನೀರು ತಾಗಿತ್ತು. ಜೊತೆಗಾರ ಬಾಬುಲಾಲನಿಗೆ ನೆಗಡಿ. ವಾಸನೆ ತಿಳಿಯಲೇ ಇಲ್ಲ. ಜೀವ ಉಳಿಯಿತು, ಆದರೆ ಮೈಯಲ್ಲಿ ಕಸುವಿಲ್ಲದೆ ಊರಿಗೆ ಹೋದ. ಇಷ್ಟನ್ನೂ ಕುತುಬುದ್ದೀನ ಅವಳ ಬೆನ್ನಿಗೇ ಹೇಳಿ ಮುಗಿಸಿದ.

ರಮಜಾನಬಿ ತಿರುಗಿ ಕುಳಿತಳು. "ನಾಳೆ ನಿಮಗ ನೆಗಡಿ ಬಂದ್ರ?"



ಅವನಿದ್ದಷ್ಟು ದಿನ ಮನೆಯಲ್ಲಿ ಬೆಳ್ಳುಳ್ಳಿ ಸುಲಿಯಲಿಲ್ಲ. ಸಂಗತಿ ತಿಳಿದ ಹುಚ್ಚವ್ವ ಕೂಡ ತಾನು ಖಾರ ಕುಟ್ಟುವ ಒಳ್ಳನ್ನು ಆಚೆ ಬದಿಯ ಕೊಟ್ಟಿಗೆಗೆ ಒಯ್ದಳು. ಹೊರಡುವ ದಿನ ರಮಜಾನಬಿ, "ಆ ಕೆಲಸ ಬಿಟ್ಟುಬಿಡ್ರಿ" ಎಂದಳು.

"ನಾ ಬಿಟ್ರ ಹೊಸಬ ಬರ್ತಾನ. ಅವಗೇನು ತಿಳೀತದ?"

"ಹಂಗಾರ ಅವಗ ಕಲಿಸಿ ಬರ್ರಿ."

ಕಲಿಸಿಯೇ ಬಂದ. ಮುಂದೆ ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟಿನ ಕೆಲಸ ಶುರುವಾದಾಗ ಸಿಮೆಂಟಿನ ಗೋದಾಮು ನೋಡಿಕೊಳ್ಳುವ ನೌಕರಿ ಸಿಕ್ಕಿತು. ಇಬ್ಬರೂ ಅಲ್ಲಿಯೇ ತಗಡಿನ ಮನೆಯಲ್ಲಿ ಸಂಸಾರ ಹೂಡಿದರು. ಬೆಳ್ಳುಳ್ಳಿಯೂ ಮೊದಲು ಅಂಗಳಕ್ಕೆ, ಆಮೇಲೆ ಕಟ್ಟೆಗೆ, ಕೊನೆಗೆ ಒಲೆಯ ಬಳಿಗೆ ಬಂತು.

ಒಂದು ಸಂಜೆ ಧೋ ಎಂದು ಮಳೆ ಸುರಿಯಿತು. ಕುತುಬುದ್ದೀನ ಎಂದಿನ ಗಾಬರಿಯಲ್ಲಿ ಗೋದಾಮಿಗೆ ಓಡಿದ. ರಮಜಾನಬಿ ತಲೆಯ ಮೇಲೆ ಗೋಣಿಚೀಲ ಹೊದ್ದು ಹಿಂದೆಯೇ ಹೋದಳು. ಬಾಗಿಲ ಬಳಿಯ ಒಂದು ಸಿಮೆಂಟಿನ ಚೀಲ ಪೂರ್ತಿ ತೊಯ್ದಿತ್ತು. ಅವನು ಕೈ ಚಾಚಲೂ ಅಂಜಿ ನಿಂತಿದ್ದ.

"ಇದು ಒದ್ದಿ ಆದ್ರ ಏನಾಗ್ತೈತ್ರಿ?" ಎಂದು ಕೇಳಿದಳು.

"ಗಟ್ಟಿ ಆಗ್ತೈತಿ."

"ಅಷ್ಟ?"

"ಅಷ್ಟ," ಎಂದ. ಅಂದವನೇ ನಗತೊಡಗಿದ. ಬಹಳ ಹೊತ್ತು ನಕ್ಕ, ನಗುತ್ತ ಕಣ್ಣೊರೆಸಿಕೊಂಡ. ಅವಳು ಗೋಣಿಚೀಲದ ಅರ್ಧವನ್ನು ಅವನ ತಲೆಗೂ ಹೊದಿಸಿ ಮನೆಗೆ ಕರೆದುಕೊಂಡು ನಡೆದಳು.