ಆರು ನಿಮಿಷದ ಭೂತ

ಕಳೆದ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು ಭೂತ ನೋಡಿದೆ. ಥಾಣೆಯ ಕಾಲೇಜೊಂದರಲ್ಲಿ, ಎಸಿ ಹಾಕಿದ ಕ್ಲಾಸ್‌ರೂಮಿನಲ್ಲಿ.

ಮಗಳು ಪಲ್ಲವಿ ಅಲ್ಲಿ ಸಿನಿಮಾ ತೆಗೆಯುವುದನ್ನು ಕಲಿಯುತ್ತಿದ್ದಾಳೆ. (ಅವಳನ್ನು ಇಂಜಿನಿಯರ್ ಮಾಡಬೇಕೆಂದಿದ್ದ ನನ್ನ ಕಥೆ ಬೇಡ ಬಿಡಿ, ನಿಮಗದು ಬಾಯಿಪಾಠ.) ವಿದ್ಯಾರ್ಥಿಗಳ ಪುಟ್ಟ ಹಾರರ್ ಸಿನಿಮಾಗಳನ್ನು ತೋರಿಸುತ್ತೇವೆ, ಪಾಲಕರು ಬನ್ನಿ ಎಂದು ಕಾಲೇಜಿನಿಂದ ಮೆಸೇಜ್ ಬಂತು. ಪಲ್ಲವಿ ಮಾತ್ರ "ಮಮ್ಮಿ, ನೀ ಬರೂದು ಬ್ಯಾಡ" ಎಂದಳು. ಬೇಡ ಎಂದ ಮೇಲೆ ಹೋಗದೆ ಇರಲು ಆಗುತ್ತದೆಯೇ? ಪಕ್ಕದ ಮನೆಯ, ಉಡುಪಿ ಕಡೆಯ ಶೋಭಕ್ಕನನ್ನು ಜೊತೆ ಮಾಡಿಕೊಂಡು ಹೊರಟೆ.

ಹೋಗಲು ಇನ್ನೊಂದು ಕಾರಣವಿತ್ತು. ಒಂದು ತಿಂಗಳಿಂದ ಹುಡುಗಿ ವಾರಕ್ಕೆ ಎರಡು ದಿನ ಕಾಲೇಜಿಗೆ ಹೋದರೆ ಹೆಚ್ಚು. ಉಳಿದ ದಿನ ನಮ್ಮ ಡೊಂಬಿವಲಿ ಸ್ಟೇಷನ್ನಿನಿಂದಲೇ ವಾಪಸ್. ಎದೆ ಢವಢವ ಅನ್ನುತ್ತದಂತೆ. "ಸೋಗು ಸಾಕು" ಎಂದು ಬೈದಿದ್ದೆ. ಹೀಗೇ ಆದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರೂ ಹೇಳಿಯಾಗಿತ್ತು.

ಲೈಟು ಆರಿತು, ಪಲ್ಲವಿಯ ಸಿನಿಮಾದ ಸರದಿ ಬಂತು. ಪರದೆಯ ಮೇಲೆ ನಮ್ಮದೇ ಲೋಕಲ್ ರೈಲಿನ ಲೇಡೀಸ್ ಡಬ್ಬಾ, ನಮ್ಮದೇ ಗರ್ದಿ. ಬ್ಯಾಗನ್ನು ಎದೆಗೆ ಹಾಕಿಕೊಂಡು ನಿಂತ ಒಬ್ಬ ಹುಡುಗಿ. ಬ್ಯಾಗಿನೊಳಗೆ ಫೋನು ಗುರ್ ಗುರ್ ಅನ್ನುತ್ತಿದೆ, ಕೈ ಆಡಿಸಲು ಜಾಗವಿಲ್ಲ. ಇಷ್ಟೇ. ರಕ್ತ ಇಲ್ಲ, ಬಿಳಿ ಸೀರೆ ಇಲ್ಲ.

"ಭೂತ ಎಲ್ಲುಂಟು ಮಾರಾಯ್ತಿ?" ಶೋಭಕ್ಕ ಪಿಸುಗುಟ್ಟಿದರು.

ಫೋನಿನ ಸದ್ದು ಏರಿ ಏರಿ ಕುಕ್ಕರಿನ ಸೀಟಿಯಾಯಿತು. ಹುಡುಗಿ ಏದುಸಿರು ಬಿಡತೊಡಗಿದಳು. ಆಗ ಮುಂದೆ ನಿಂತಿದ್ದ ಹೆಂಗಸು ತಿರುಗಿ ಮೆಲ್ಲಗೆ ಕೇಳಿದಳು, "ಮುಟ್ಟಿದಿ?" ಪಕ್ಕದವಳು ತಿರುಗಿದಳು, "ಮುಟ್ಟಿದಿ?" ಹೂ ಮುಡಿದವಳು, ಟಿಫಿನ್ ಹಿಡಿದವಳು, ಇಡೀ ಡಬ್ಬಾ ಒಂದೇ ದನಿಯಲ್ಲಿ, ಬಹಳ ಪ್ರೀತಿಯಿಂದ, "ಮುಟ್ಟಿದಿ?"

ಆ ದನಿ ನನ್ನದು.

ಮುಟ್ಟಿದಿ ಅಂದರೆ ನಮ್ಮ ಕಡೆ ತಲುಪಿದೆಯಾ ಎಂದು, ನಾನು ದಿನವೂ ಅವಳನ್ನು ಕೇಳುವ ಮಾತು ಅದು. ಈ ಕಡೆಯ ಮನೆಗಳಲ್ಲಿ ಇದೊಂದು ವ್ರತ. ಲೋಕಲ್ ಹತ್ತಿದ್ದಕ್ಕೊಂದು, ಇಳಿದದ್ದಕ್ಕೊಂದು ಮಿಸ್ಡ್ ಕಾಲ್ ಕೊಡಬೇಕು. ಐದು ನಿಮಿಷ ತಡವಾದರೆ ನಾನು ವಾಯ್ಸ್ ಮೆಸೇಜ್ ಕಳಿಸುತ್ತೇನೆ. (ಒಂದಲ್ಲ, ಏಳೆಂಟು.) ಅವಳು ಅವನ್ನೆಲ್ಲ ಕೂಡಿಟ್ಟು ಸಿನಿಮಾಕ್ಕೆ ಹಾಕಿದ್ದಳು.

ನಾನು ಕಾಳಜಿ ಎಂದುಕೊಂಡದ್ದು ಆ ಕಡೆ ಹೀಗೆ ಕೇಳಿಸುತ್ತದೆಯೇ? ಆತಂಕಕ್ಕೂ ಒಂದು ಮುಖ ಕೊಡಬಹುದು, ಅದನ್ನು ಆರು ನಿಮಿಷದಲ್ಲಿ ತೋರಿಸಬಹುದು ಎಂದು ಈ ಇಪ್ಪತ್ತರ ಹುಡುಗಿಗೆ ಯಾರು ಹೇಳಿಕೊಟ್ಟರು? ನನಗೆ ಹೆದರಿಕೆಯಾಯಿತು, ನಾಚಿಕೆಯಾಯಿತು, ಎಲ್ಲಕ್ಕಿಂತ ಹೆಚ್ಚು ಬೆರಗಾಯಿತು. ನಾನು ಹೆತ್ತವಳೇ ಇವಳು?

"ಭೂತ ಇಲ್ಲೇ ಐತ್ರೀ ಶೋಭಕ್ಕ, ನಿಮ್ಮ ಬಾಜೂಕ ಕೂತೈತಿ" ಎಂದೆ. ಅವರು ನನ್ನ ಕೈ ಹಿಡಿದುಕೊಂಡರು.

ಹೊರಗೆ ಪಲ್ಲವಿ ಗೋಡೆಗೆ ಒರಗಿ ನಿಂತಿದ್ದಳು. "ಸಿಟ್ಟು ಬಂತಾ?" ಎಂದಳು.

"ಇಲ್ಲವ್ವಾ. ಎದಿ ಢವಢವ ಅಂದ್ರ ಹಿಂಗ ಆಗತಿತ್ತೇನು?"

"ರೋಜ್. ನಾ ಹೇಳಿದ್ದೆ ಮಮ್ಮಿ. ತೂನೇ ಸುನಾ ನಹೀ."

ಹೌದು, ಹೇಳಿದ್ದಳು. ನಾನು ಕೇಳಿಸಿಕೊಳ್ಳಲಿಲ್ಲ. ಸೋಗು ಎಂದಿದ್ದೆ.

ಸೋಮವಾರ ಅವಳು ಶೂ ಹಾಕಿಕೊಂಡಳು. 'ಮುಟ್ಟಿದ ಕೂಡಲೆ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಫೋನನ್ನು ಅಕ್ಕಿ ಡಬ್ಬಿಯೊಳಗಿಟ್ಟು ಮುಚ್ಚಿದೆ. (ಮೂರು ಸಲ ಮುಚ್ಚಳ ತೆಗೆದದ್ದು ನಿಜ.) ಆ ದಿನ ಎರಡು ಸಲ ಮಾಡಿದ ಸಾರಿಗೆ ಎರಡು ಸಲವೂ ಉಪ್ಪು ಹಾಕಿರಲಿಲ್ಲ.

ಸಂಜೆ ಬಂದಳು. ನಡುವೆ ದಿವಾ ಸ್ಟೇಷನ್ನಿನಲ್ಲಿ ಇಳಿದು, ಬೆಂಚಿನ ಮೇಲೆ ಕೂತು ಉಸಿರು ಸುಧಾರಿಸಿಕೊಂಡು, ಮುಂದಿನ ಗಾಡಿ ಹಿಡಿದು ಥಾಣೆಗೆ ಹೋದಳಂತೆ. ಎಲ್ಲ ಕ್ಲಾಸಿಗೂ ಕೂತಳಂತೆ. ಶೂ ಬಿಚ್ಚುತ್ತಾ, ನನ್ನ ಮುಖ ನೋಡಿ ಕೇಳಿದಳು, "ಮಮ್ಮಿ, ದಿನ್ ಭರ್ ನೀ ಆರಾಮ್ ಇದ್ದಿ ನಾ?"

ಭೂತದ ಕ್ಷೇಮ ವಿಚಾರಿಸುವ ಮಕ್ಕಳು ಎಷ್ಟು ಮನೆಗಳಲ್ಲಿದ್ದಾರೆ, ಹೇಳಿ?